ಎಲ್ಲರೂ ಸುಮ್ಮನಾಗುವ ಜಾಗ: ಬಾಖ್ ಬರೆದ ಒಂದು ಸಾವಿನ ಕ್ಯಾಂಟಾಟಾ

ಈ ಕೃತಿಯ ಸ್ವರಲಿಪಿಯ ನಡುವೆ ಒಂದು ಬಾರ್ ಪೂರ್ತಿ ಖಾಲಿ ಇದೆ. ಬಾರ್ ಅಂದರೆ ಪಾಶ್ಚಾತ್ಯ ಸಂಗೀತದಲ್ಲಿ ತಾಳದ ಒಂದು ಅಳತೆ, ನಮ್ಮ ಆವರ್ತನದ ದೂರದ ನೆಂಟ ಅಂದುಕೊಳ್ಳಿ. ಅಲ್ಲಿ ಕೊಳಲಿಗೆ ಸ್ವರವಿಲ್ಲ, ತಂತಿವಾದ್ಯಕ್ಕಿಲ್ಲ, ಆರ್ಗನ್‌ಗಿಲ್ಲ, ಹಾಡುವ ನಾಲ್ಕು ದನಿಗಳಲ್ಲಿ ಒಂದಕ್ಕೂ ಇಲ್ಲ. ಇರುವುದು ವಿರಾಮದ ಗುರುತು ಮಾತ್ರ. ಅದರ ತಲೆಯ ಮೇಲೆ ಒಂದು ಪುಟ್ಟ ಕಮಾನು, ಕಮಾನಿನೊಳಗೆ ಒಂದು ಚುಕ್ಕೆ. ಅದಕ್ಕೆ ಫರ್ಮಾಟ ಅನ್ನುತ್ತಾರೆ. ಎಣಿಕೆ ಬಿಡಿ, ಇಲ್ಲಿ ಸ್ವಲ್ಪ ನಿಲ್ಲಿ ಅಂತ ಅರ್ಥ.

ಮೊದಲ ಸಲ ಕೇಳಿದಾಗ ನಾನು ಬ್ಲೂಟೂತ್ ಕಟ್ ಆಯ್ತು ಅಂದುಕೊಂಡು ಫೋನ್ ಕೈಗೆತ್ತಿಕೊಂಡಿದ್ದೆ.

ಕೃತಿ ಹದಿನೆಂಟನೇ ಶತಮಾನದ ಜರ್ಮನ್ ಸಂಗೀತಗಾರ ಯೋಹಾನ್ ಸೆಬಾಸ್ಟಿಯನ್ ಬಾಖ್‌ನದು. ಹೆಸರು ‘ಗಾಟೆಸ್ ತ್ಸೈಟ್ ಇಸ್ಟ್ ಡೀ ಆಲರ್‌ಬೆಸ್ಟೆ ತ್ಸೈಟ್’, ಅಂದರೆ ‘ದೇವರ ಕಾಲವೇ ಎಲ್ಲಕ್ಕಿಂತ ಒಳ್ಳೆಯ ಕಾಲ’. ಬಾಖ್ ಕೃತಿಗಳ ಪಟ್ಟಿಯಲ್ಲಿ ಇದರ ಸಂಖ್ಯೆ ಬಿಡಬ್ಲ್ಯುವಿ 106. ಜನ ಜಾಸ್ತಿ ಬಳಸುವ ಹೆಸರು ‘ಆಕ್ಟುಸ್ ಟ್ರಾಜಿಕುಸ್’. ಇಪ್ಪತ್ತು ನಿಮಿಷದ ಆಸುಪಾಸಿನ ಹಾಡು.

ಕ್ಯಾಂಟಾಟಾ ಅಂದರೆ ಹಾಡಲು ಬರೆದದ್ದು ಅಂತಷ್ಟೇ ಮೂಲ ಅರ್ಥ. ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಹಾದಿ ಹಿಡಿದ ಲೂಥರನ್ ಚರ್ಚ್‌ಗಳಲ್ಲಿ ಅದು ಪೂಜೆಯ ಒಂದು ಭಾಗ. ಪಾದ್ರಿ ಮಾತಿನಲ್ಲಿ ಪ್ರಸಂಗ ಮಾಡಿದರೆ, ಕ್ಯಾಂಟಾಟಾ ಅದೇ ಕೆಲಸವನ್ನು ಸಂಗೀತದಲ್ಲಿ ಮಾಡುತ್ತಿತ್ತು. ಬಾಖ್ ಬರೆದ ಇಂಥ ಚರ್ಚ್ ಕ್ಯಾಂಟಾಟಾಗಳಲ್ಲಿ ಸುಮಾರು 200 ಉಳಿದಿವೆ. ಹೆಚ್ಚಿನವು ಅವನು 1723ರಲ್ಲಿ ಲೈಪ್ಸಿಗ್‌ಗೆ ಹೋದ ಮೇಲಿನವು. ಇದು ಅದಕ್ಕೂ ಎಷ್ಟೋ ಮೊದಲಿನದು. ಬರೆದದ್ದು 1707 ಅಥವಾ 1708ರಲ್ಲಿ, ಮ್ಯೂಲ್‌ಹೌಸನ್ ಊರಿನ ಚರ್ಚ್‌ನಲ್ಲಿ ಆರ್ಗನ್ ನುಡಿಸುತ್ತಿದ್ದಾಗ, ಅಂತ ವಿದ್ವಾಂಸರ ಅಂದಾಜು. ಆಗ ಹುಡುಗನಿಗೆ ಇಪ್ಪತ್ತೆರಡು ವರ್ಷ.

ಇಪ್ಪತ್ತೆರಡಕ್ಕೆ ಸಾವಿನ ಬಗ್ಗೆ ಏನು ಗೊತ್ತಿರುತ್ತೆ ಅನ್ನಬೇಡಿ. ಬಾಖ್‌ನ ತಾಯಿ ತೀರಿಕೊಂಡದ್ದು 1694ರಲ್ಲಿ, ಅವನಿಗೆ ಒಂಬತ್ತು ವರ್ಷವಿದ್ದಾಗ. ಮುಂದಿನ ವರ್ಷ ಶುರುವಿನಲ್ಲೇ ತಂದೆಯೂ ಹೋದರು. ಅಣ್ಣನ ಮನೆಯಲ್ಲಿ ಬೆಳೆದ. 1707ರ ಆಗಸ್ಟ್‌ನಲ್ಲಿ ಅವನ ಸೋದರಮಾವ ಟೋಬಿಯಾಸ್ ಲೆಮ್ಮರ್‌ಹಿರ್ಟ್ ಎರ್‌ಫುರ್ಟ್‌ನಲ್ಲಿ ತೀರಿಕೊಂಡ. ಕೃತಿ ಆ ಮಾವನ ಅಂತ್ಯಕ್ರಿಯೆಗೆ ಬರೆದದ್ದಿರಬಹುದು ಅನ್ನುವ ಊಹೆ ಹಳೆಯದು. ಆದರೆ ಅದು ಊಹೆ ಮಾತ್ರ. ಬಾಖ್‌ನ ಕೈಬರಹದ ಪ್ರತಿ ಕಳೆದುಹೋಗಿದೆ. ಉಳಿದಿರುವ ಹಳೆಯ ನಕಲು 1768ರದು, ಅಂದರೆ ಅವನು ತೀರಿಕೊಂಡು ಹದಿನೆಂಟು ವರ್ಷದ ನಂತರದ್ದು. ಅಚ್ಚಾದದ್ದು 1830ರಲ್ಲಿ.

ಬಾಖ್ ಕಾಲದ ಸಂಗೀತದಲ್ಲಿ ‘ಸಂಕೇತ’, ಅಂದರೆ ಸ್ವರಗಳೊಳಗೆ ಅಡಗಿಸಿಟ್ಟ ಅರ್ಥ, ಅಂದ ತಕ್ಷಣ ಕೆಲವರು ಕ್ಯಾಲ್ಕುಲೇಟರ್ ತೆಗೆಯುತ್ತಾರೆ. ಅಕ್ಷರಗಳಿಗೆ ಅಂಕಿ ಹಾಕಿ ಕೂಡಿದರೆ ಬಾಖ್ ಹೆಸರು 14 ಆಗುತ್ತದೆ, ಆದ್ದರಿಂದ 14 ಸ್ವರ ಕಂಡಲ್ಲೆಲ್ಲ ಅವನ ಸಹಿ ಇದೆ ಅನ್ನುವ ಥರದ ಲೆಕ್ಕ. ನನಗೆ ಇದರಲ್ಲಿ ಅಷ್ಟು ನಂಬಿಕೆ ಇಲ್ಲ. ಹುಡುಕಿದರೆ ಯಾವ ಸಂಖ್ಯೆಯೂ ಎಲ್ಲಾದರೂ ಸಿಕ್ಕೇ ಸಿಗುತ್ತದೆ. ಹಾಗಂತ ಬಾಖ್ ಸಂಖ್ಯೆಯ ಆಟ ಆಡಲೇ ಇಲ್ಲ ಅಂತಲೂ ಅಲ್ಲ. 1723ರ ಒಂದು ಕ್ಯಾಂಟಾಟಾದಲ್ಲಿ (ಬಿಡಬ್ಲ್ಯುವಿ 77) ದೇವರನ್ನೂ ನೆರೆಯವರನ್ನೂ ಪ್ರೀತಿಸು ಅನ್ನುವ ಆಜ್ಞೆಯನ್ನು ಗಾಯಕರು ಹಾಡುತ್ತಿರುವಾಗ, ಟ್ರಂಪೆಟ್ ಮಾತಿಲ್ಲದೆ ‘ಹತ್ತು ಆಜ್ಞೆಗಳು’ ಅನ್ನುವ ಹಳೆಯ ಚರ್ಚ್ ಹಾಡಿನ ರಾಗ ನುಡಿಸುತ್ತದೆ. ಅದು ಹತ್ತು ಸಲ ಒಳಬರುತ್ತದೆ. ಅದೇ ರಾಗ ತಳದ ವಾದ್ಯದಲ್ಲಿ ಇನ್ನೂ ನಿಧಾನವಾಗಿ ಬರುತ್ತದೆ. ಮೇಲೂ ಆಜ್ಞೆ, ಕೆಳಗೂ ಆಜ್ಞೆ, ನಡುವೆ ಮನುಷ್ಯರ ದನಿ. ಹತ್ತನ್ನು ಎಣಿಸದಿದ್ದರೂ ಆ ಇಕ್ಕಟ್ಟು ಕಿವಿಗೆ ತಿಳಿಯುತ್ತದೆ.

ನನಗೆ ಇಷ್ಟವಾಗುವುದು ಹೀಗೆ ಕಿವಿಗೆ ಸಿಗುವ ಸಂಕೇತ. ರಾಗ ಏರಿತೇ, ಇಳಿಯಿತೇ? ಯಾರು ಹಾಡುತ್ತಿದ್ದಾರೆ? ಯಾರು ಬಾಯಿ ಮುಚ್ಚಿದರು? ಆಕ್ಟುಸ್ ಟ್ರಾಜಿಕುಸ್ ತನ್ನ ಅರ್ಥವನ್ನು ಇಟ್ಟಿರುವುದು ಇಂಥ ಸರಳ ಜಾಗಗಳಲ್ಲೇ.

ವಾದ್ಯಗಳಿಂದ ಶುರು ಮಾಡೋಣ. ಪಿಟೀಲು ಇಲ್ಲ. ಟ್ರಂಪೆಟ್ ಇಲ್ಲ, ಡ್ರಮ್ ಇಲ್ಲ. ಎರಡು ರೆಕಾರ್ಡರ್, ಎರಡು ವಯೋಲಾ ದ ಗಾಂಬಾ, ತಳಕ್ಕೆ ಆರ್ಗನ್ ಮತ್ತು ಮಂದ್ರದ ವಾದ್ಯ, ಅಷ್ಟೇ. ರೆಕಾರ್ಡರ್ ನೇರ ಹಿಡಿದು ತುದಿಯಿಂದ ಊದುವ ಮರದ ಕೊಳಲು. ಗಾಂಬಾ ಅಂದರೆ ಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುವ ತಂತಿವಾದ್ಯ, ದನಿ ಸ್ವಲ್ಪ ಮೂಗಿನದು, ಒಳಗೊಳಗೇ ಗುಂಯ್‌ಗುಡುವಂಥದು. ಆ ಕಾಲದ ಕೇಳುಗರಿಗೆ ರೆಕಾರ್ಡರ್ ಕೇಳಿದರೆ ನಿದ್ದೆ, ಸಾವು, ಹುಲ್ಲುಗಾವಲಿನ ಶಾಂತಿ ನೆನಪಾಗುತ್ತಿತ್ತು. ಗಾಂಬಾ ಶೋಕದ ವಾದ್ಯ. ಮುಂದೆ, ಯೇಸುವಿನ ಯಾತನೆ ಮತ್ತು ಸಾವಿನ ಕಥೆ ಹಾಡುವ ಸಂತ ಯೋಹಾನನ ಪ್ಯಾಶನ್‌ನಲ್ಲಿ ಯೇಸು ‘ತೀರಿತು’ ಅಂದ ಮೇಲೆ ಬಾಖ್ ಗಾಂಬಾವನ್ನೇ ಕರೆಸಿದ. ಹಾಗಾಗಿ ಮೊದಲ ಸ್ವರ ಕೇಳಿದ ಕೂಡಲೇ, ಒಂದು ಪದ ಹಾಡುವ ಮೊದಲೇ, ಚರ್ಚ್‌ನಲ್ಲಿ ಕೂತವರಿಗೆ ವಿಷಯ ಏನೆಂದು ಗೊತ್ತಾಗುತ್ತಿತ್ತು.

ಮೊದಲ ಭಾಗ ಬರೀ ವಾದ್ಯದ್ದು. ಇಪ್ಪತ್ತೇ ಬಾರ್. ಗಾಂಬಾಗಳು ಒಂದೇ ಲಯದಲ್ಲಿ ಮಿಡಿಯುತ್ತಿರುತ್ತವೆ, ಎದೆಯ ಬಡಿತದ ಹಾಗೆ. ಮೇಲೆ ಎರಡು ಕೊಳಲು. ಅವು ಏನು ಮಾಡುತ್ತವೆ ಅಂತ ಹತ್ತಿರದಿಂದ ಕೇಳಿ. ಒಂದಷ್ಟು ಹೊತ್ತು ಎರಡೂ ಒಂದೇ ಸ್ವರ ಹಿಡಿಯುತ್ತವೆ. ಆಮೇಲೆ ಒಂದು ಪಕ್ಕಕ್ಕೆ ಸರಿದು ಅದೇ ಸ್ವರವನ್ನು ಅಲುಗಿಸುತ್ತದೆ, ಇನ್ನೊಂದು ನಿಂತೇ ಇರುತ್ತದೆ. ಅವೆರಡು ಪಕ್ಕಪಕ್ಕದ ಸ್ವರದಲ್ಲಿ ಉಜ್ಜಿದಾಗ ಒಂದು ಕ್ಷಣ ಚುರುಕ್ ಅನ್ನುತ್ತದೆ, ಮತ್ತೆ ಕೂಡಿಕೊಳ್ಳುತ್ತವೆ. ಇದಕ್ಕೆ ದೇಹ ಮತ್ತು ಜೀವ ಅಂತ ಯಾರಾದರೂ ಅರ್ಥ ಹೇಳಿದರೆ ನಾನು ಜಗಳ ಆಡುವುದಿಲ್ಲ, ಆದರೆ ಅದು ಬರೆದಿಟ್ಟದ್ದಲ್ಲ, ನಮಗೆ ಅನ್ನಿಸಿದ್ದು.

ಆಮೇಲೆ ಹಾಡು ಬರುತ್ತದೆ. ಇಲ್ಲಿ ಪದದ ಅರ್ಥವನ್ನು ಸಂಗೀತ ನಟಿಸಿಯೇ ತೋರಿಸುತ್ತದೆ. ‘ಅವನಲ್ಲೇ ನಾವು ಬದುಕುತ್ತೇವೆ, ಓಡಾಡುತ್ತೇವೆ’ ಅನ್ನುವ ಕಡೆ ದನಿಗಳು ಒಂದರ ಹಿಂದೊಂದು ಓಡುತ್ತವೆ. ‘ಅವನಿಗೆ ಬೇಕಾದಷ್ಟು ಕಾಲ’ ಅನ್ನುವಲ್ಲಿ ಒಂದು ಸ್ವರವನ್ನು ಉದ್ದಕ್ಕೆ ಎಳೆದು ಹಿಡಿಯುತ್ತಾರೆ. ‘ಅವನಲ್ಲೇ ಸಾಯುತ್ತೇವೆ’ ಅಂದ ತಕ್ಷಣ ವೇಗ ಬಿದ್ದುಹೋಗಿ ಸ್ವರಗಳು ಕೆಸರಲ್ಲಿ ಕಾಲಿಟ್ಟ ಹಾಗಾಗುತ್ತವೆ. ಆ ಕಾಲದ ಜರ್ಮನ್ ಸಂಗೀತಗಾರರು ಇದನ್ನೆಲ್ಲ ಭಾಷಣಕಲೆಯ ಪಾಠದ ಹಾಗೆ ಕಲಿಯುತ್ತಿದ್ದರು. ನಿಟ್ಟುಸಿರಿಗೆ ಒಂದು ಸ್ವರಗುಚ್ಛ, ಏರುವುದಕ್ಕೆ ಒಂದು, ಇಳಿಯುವುದಕ್ಕೆ ಇನ್ನೊಂದು. ಕೆಲವೊಮ್ಮೆ ಈ ಆಟ ಕಾಗದದ ಮೇಲೆಯೇ ನಡೆಯುತ್ತಿತ್ತು. ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಶಾರ್ಪ್ ಗುರುತಿಗೆ ಜರ್ಮನ್‌ನಲ್ಲಿ ‘ಕ್ರಾಯ್ಟ್ಸ್’ ಅನ್ನುತ್ತಾರೆ. ಶಿಲುಬೆಗೂ ಅದೇ ಪದ. 1726ರಲ್ಲಿ ‘ನಾನು ಶಿಲುಬೆಯನ್ನು ಸಂತೋಷದಿಂದ ಹೊರುತ್ತೇನೆ’ ಅಂತ ಶುರುವಾಗುವ ಕ್ಯಾಂಟಾಟಾ ಬರೆದಾಗ ಬಾಖ್ ಶಿಲುಬೆಯ ಪದಕ್ಕೆ ಸರಿಯಾಗಿ ಒಂದು ಶಾರ್ಪ್ ಇಟ್ಟ.

ನಮ್ಮ ಕೃತಿಗೆ ಬರೋಣ. ಹಾಡುವ ನಾಲ್ಕು ದನಿಗಳ ಹೆಸರು, ಮೇಲಿನಿಂದ ಕೆಳಕ್ಕೆ: ಸೊಪ್ರಾನೊ, ಆಲ್ಟೊ, ಟೆನರ್, ಬಾಸ್. ಟೆನರ್ ದನಿ ‘ನಾವು ಸಾಯಲೇಬೇಕು ಅನ್ನುವುದನ್ನು ನೆನೆಯಲು ಕಲಿಸು, ಆಗ ನಮಗೆ ಬುದ್ಧಿ ಬರುತ್ತದೆ’ ಅಂತ ಬೇಡಿಕೊಳ್ಳುತ್ತದೆ. ಇದು ಬೈಬಲಿನ 90ನೇ ಕೀರ್ತನೆಯ ಸಾಲು. ಅದು ಮುಗಿದದ್ದೇ ಬಾಸ್ ದನಿ ನುಗ್ಗುತ್ತದೆ: ‘ನಿನ್ನ ಮನೆಯನ್ನು ಸರಿಮಾಡಿಕೋ, ನೀನು ಸಾಯುತ್ತೀ.’ ಪ್ರವಾದಿ ಯೆಶಾಯ ಕಾಯಿಲೆ ಬಿದ್ದ ಹಿಜ್ಕೀಯ ರಾಜನಿಗೆ ಹೇಳಿದ ಮಾತು. ವೇಗದ ತಾಳ, ಎರಡು ಕೊಳಲೂ ಒಂದೇ ಸ್ವರದಲ್ಲಿ ಗಡಿಬಿಡಿಯಿಂದ ಓಡುತ್ತವೆ. ಸಾಮಾನು ಕಟ್ಟುವ ಅವಸರ. ಸಾವಿನ ಸುದ್ದಿಗೆ ಕುಣಿಯುವಂಥ ತಾಳ ಇಟ್ಟದ್ದು ನನಗೆ ಮೊದಲು ವಿಚಿತ್ರ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಹೊರಡು ಅಂತ ಹೇಳುವವನಿಗೆ ತಾಳ್ಮೆ ಇರುವುದಿಲ್ಲ, ಅಲ್ವಾ?

ಇಲ್ಲಿಂದ ಕೃತಿಯ ನಡುಮನೆ.

ಬಾಖ್ ಈಗ ಮೂರು ವಿಷಯಗಳನ್ನು ಒಂದರ ಮೇಲೊಂದು ಇಡುತ್ತಾನೆ. ಕೆಳಗಿನ ಮೂರು ದನಿಗಳು, ಅಂದರೆ ಆಲ್ಟೊ, ಟೆನರ್, ಬಾಸ್, ಒಂದು ಫ್ಯೂಗ್ ಹಾಡುತ್ತವೆ. ಫ್ಯೂಗ್‌ನಲ್ಲಿ ಒಬ್ಬರು ಎತ್ತಿಕೊಂಡ ಸಾಲನ್ನೇ ಇನ್ನೊಬ್ಬರು ಹಿಂದಿನಿಂದ ಎತ್ತಿಕೊಳ್ಳುತ್ತಾರೆ, ಮೂರನೆಯವರೂ ಅದನ್ನೇ, ತಪ್ಪಿಸಿಕೊಳ್ಳಲು ಆಗದ ಹಾಗೆ. ಮಾತು ಸಿರಾಖ್ ಅನ್ನುವ ಹಳೆಯ ಜ್ಞಾನಗ್ರಂಥದ್ದು: ‘ಇದೇ ಹಳೆಯ ಒಡಂಬಡಿಕೆ: ಮನುಷ್ಯನೇ, ನೀನು ಸಾಯಲೇಬೇಕು.’ ತಳದ ವಾದ್ಯ ಒಂದೇ ಸಮನೆ ಹೆಜ್ಜೆ ಹಾಕುತ್ತಿರುತ್ತದೆ. ಫ್ಯೂಗ್ ನಿಯಮದ ಸಂಗೀತ. ಕಾನೂನನ್ನು ತೋರಿಸಲು ಅದಕ್ಕಿಂತ ಒಳ್ಳೆಯ ರೂಪ ಸಿಗುವುದಿಲ್ಲ. ಮೂರು ದನಿ ಸಾಕಾಗಿತ್ತು, ಬಾಖ್ ಬೇಕಂತಲೇ ನಾಲ್ಕನೆಯದನ್ನು ಹೊರಗಿಟ್ಟಿದ್ದಾನೆ.

ಆ ನಾಲ್ಕನೆಯದು ಸೊಪ್ರಾನೊ. ಅದು ಈ ಓಟಕ್ಕೆ ಸೇರುವುದೇ ಇಲ್ಲ. ಮೇಲಿನಿಂದ ಬೇರೆಯೇ ಸಾಲು, ಬೇರೆಯೇ ಮನಸ್ಸು: ‘ಹೌದು, ಬಾ, ಯೇಸುವೇ, ಬಾ.’ ಬೈಬಲಿನ ಕಟ್ಟಕಡೆಯ ಪುಸ್ತಕದ, ಪ್ರಕಟನೆಯ, ಕೊನೆಕೊನೆಯ ಮಾತು ಇದು. ಕೆಳಗಿನವರು ‘ಸಾಯಲೇಬೇಕು’ ಅನ್ನುತ್ತಾರೆ, ಮೇಲಿನ ದನಿ ‘ಹೌದು’ ಅನ್ನುತ್ತದೆ. ವಾದಕ್ಕೆ ನಿಲ್ಲುವುದಿಲ್ಲ. ಅದೇ ಸುದ್ದಿಯನ್ನು ಬೇರೆ ಕಡೆಯಿಂದ ನೋಡುತ್ತದೆ. ಲೂಥರನ್ ನಂಬಿಕೆಯಲ್ಲಿ ದೇವರ ಮಾತಿಗೆ ಎರಡು ಮುಖ: ಮನುಷ್ಯನನ್ನು ಮೂಲೆಗೊತ್ತುವ ಕಾನೂನು, ಅಲ್ಲಿಂದ ಎತ್ತುವ ಸುವಾರ್ತೆ. ಪ್ರಸಂಗದಲ್ಲಿ ಇದನ್ನು ಒಂದಾದ ಮೇಲೆ ಒಂದು ಹೇಳಬೇಕಾಗುತ್ತದೆ. ಸಂಗೀತದಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಹುದು.

ಮೂರನೆಯದು ಮಾತೇ ಇಲ್ಲದ್ದು. ಸೊಪ್ರಾನೊ ಹಾಡುತ್ತಿರುವಾಗ ಕೊಳಲುಗಳು ಒಂದು ಕೋರಾಲ್ ನುಡಿಸುತ್ತವೆ. ಕೋರಾಲ್ ಅಂದರೆ ಚರ್ಚ್‌ನಲ್ಲಿ ಎಲ್ಲರೂ ಸೇರಿ ಹಾಡುವ ಹಾಡು. ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರಿಗೂ ಬಾಯಿಪಾಠ. ಗೊತ್ತಿರುವ ದೇವರನಾಮವನ್ನು ವೀಣೆಯಲ್ಲಿ ನುಡಿಸಿದರೆ ನಮ್ಮ ಬಾಯಲ್ಲಿ ಸಾಹಿತ್ಯ ತಾನಾಗಿ ಬರುವುದಿಲ್ಲವೇ, ಹಾಗೆ. ಇಲ್ಲಿ ಕೊಳಲು ನುಡಿಸುವ ರಾಗದ ಸಾಹಿತ್ಯ ಹೀಗಿದೆ: ನನ್ನ ವಿಷಯವನ್ನೆಲ್ಲ ದೇವರಿಗೆ ಒಪ್ಪಿಸಿದ್ದೇನೆ, ಅವನಿಗೆ ಇಷ್ಟ ಬಂದಂತೆ ಮಾಡಲಿ, ಇನ್ನಷ್ಟು ದಿನ ಇಲ್ಲೇ ಇರಬೇಕೆಂದರೂ ನಾನು ಬೇಡ ಅನ್ನುವುದಿಲ್ಲ. ಯಾರೂ ಇದನ್ನು ಹಾಡುವುದಿಲ್ಲ. ಕೇಳುಗರ ತಲೆಯಲ್ಲಿ ಅದು ತಾನೇ ಹಾಡಿಕೊಳ್ಳುತ್ತದೆ. ಅಂತ್ಯಕ್ರಿಯೆಗೆ ಬಂದು ಸುಮ್ಮನೆ ಕೂತಿದ್ದವರನ್ನು ಬಾಖ್ ಹೀಗೆ ಹಾಡಿನೊಳಗೆ ಎಳೆದುಕೊಳ್ಳುತ್ತಾನೆ.

ನಮಗೆ ಇಂದು ಆ ರಾಗ ಗೊತ್ತಿಲ್ಲದ ಕಾರಣ ಈ ಮೂರನೆಯ ಪದರ ಪೂರ್ತಿ ತಪ್ಪಿಹೋಗುತ್ತದೆ. ಕೊಳಲು ಚೆನ್ನಾಗಿದೆ ಅಂದುಕೊಂಡು ಮುಂದೆ ಹೋಗುತ್ತೇವೆ. ಕರಾವಳಿಯ ಕೆಲವರಿಗೆ ಮಾತ್ರ ಇಂಥ ರಾಗಗಳ ಪರಿಚಯ ಇರಬಹುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಜರ್ಮನ್ ಕೋರಾಲ್‌ಗಳಿಗೆ ಕನ್ನಡದ ಮಾತು ಹೊಂದಿಸಿ ಹಾಡಿಸಿದರು. ಆ ಪರಂಪರೆಯ ಚರ್ಚ್‌ಗಳಲ್ಲಿ ಬೆಳೆದವರು ಬಾಖ್ ಕೇಳುವಾಗ ಕೆಲವೊಮ್ಮೆ ‘ಅರೆ, ಇದು ನಮ್ಮ ಹಾಡು’ ಅಂದರೆ ಆಶ್ಚರ್ಯವಿಲ್ಲ.

ಹೀಗೆ ಮೂರೂ ಬೆರೆತು ಸಾಗುತ್ತವೆ. ಕೊನೆಗೆ ಕೆಳಗಿನ ದನಿಗಳು ತಮ್ಮ ‘ಸಾಯಲೇಬೇಕು’ ಹೇಳಿ ನಿಂತುಬಿಡುತ್ತವೆ. ವಾದ್ಯಗಳೂ ನಿಲ್ಲುತ್ತವೆ. ಅಷ್ಟು ಹೊತ್ತು ಬಿಡದೆ ನಡೆಯುತ್ತಿದ್ದ ತಳದ ಹೆಜ್ಜೆ ಕೂಡ ನಿಲ್ಲುತ್ತದೆ. ಸೊಪ್ರಾನೊ ಒಂದೇ ಉಳಿಯುತ್ತದೆ. ಸಣ್ಣ ಸಣ್ಣ ಅಲುಗಾಟದ ಸ್ವರಗಳಲ್ಲಿ ಆ ಕರೆ ಸುತ್ತಿ ಸುಳಿದು ತೆಳುವಾಗುತ್ತದೆ, ಅಡಿಯಲ್ಲಿ ಹಿಡಿಯಲು ಒಂದೂ ವಾದ್ಯವಿಲ್ಲ. ಕೊನೆಯ ಉಸಿರಿಗೆ ಇದಕ್ಕಿಂತ ಹತ್ತಿರ ಹೋದ ಸಂಗೀತ ನಾನು ಕೇಳಿಲ್ಲ. ಆಮೇಲೆ ಆ ಖಾಲಿ ಬಾರ್.

ಇದೇ ಹೊತ್ತಿಗೆ ಇನ್ನೊಂದು ಕೆಲಸವೂ ನಡೆದಿರುತ್ತದೆ, ಅದು ಕಣ್ಣಿಗೆ ಜಾಸ್ತಿ ಕಾಣುತ್ತದೆ, ಕಿವಿಗೆ ಕಡಿಮೆ. ಪಾಶ್ಚಾತ್ಯ ಸಂಗೀತದಲ್ಲಿ ಕೃತಿ ಒಂದು ಆಧಾರ ಸ್ವರದ ಮೇಲೆ ಶುರುವಾಗಿ ಬೇರೆ ಬೇರೆ ಆಧಾರ ಸ್ವರಗಳಿಗೆ ಹೋಗಿ ಬರುತ್ತದೆ. ಅದನ್ನು ಕೀ ಅನ್ನುತ್ತಾರೆ. ಈ ಕೃತಿ ಶುರುವಾಗುವುದು ಇ ಫ್ಲ್ಯಾಟ್ ಮೇಜರ್‌ನಲ್ಲಿ, ಅದಕ್ಕೆ ಮೂರು ಫ್ಲ್ಯಾಟ್. ಫ್ಲ್ಯಾಟ್ ಅಂದರೆ ಸ್ವರವನ್ನು ಅರ್ಧ ಮೆಟ್ಟಿಲು ತಗ್ಗಿಸುವ ಗುರುತು. ಮೇಜರ್ ಕೀ ಬೆಳಕಿನ ಹಾಗೆ ಕೇಳುತ್ತದೆ, ಮೈನರ್ ಮಂಕಾಗಿ. ಸಾವಿನ ಮಾತು ಬಂದ ಹಾಗೆ ಸಿ ಮೈನರ್. ಫ್ಯೂಗ್ ಬರುವಾಗ ಎಫ್ ಮೈನರ್, ನಾಲ್ಕು ಫ್ಲ್ಯಾಟ್. ಖಾಲಿ ಬಾರ್ ದಾಟಿದ ಮೇಲೆ ಬಿ ಫ್ಲ್ಯಾಟ್ ಮೈನರ್, ಐದು ಫ್ಲ್ಯಾಟ್, ಅದೇ ತಳ. ಅಲ್ಲಿಂದ ಬಂದ ದಾರಿಯಲ್ಲೇ ಮೇಲಕ್ಕೆ ವಾಪಸ್. ಬಾವಿಗೆ ಇಳಿದು ಹತ್ತಿದ ಹಾಗೆ.

ತಳ ಮುಟ್ಟಿದಾಗ ಏನು ಹಾಡುತ್ತಾರೆ ಅನ್ನುವುದು ಮುಖ್ಯ. ಆಲ್ಟೊ ದನಿ ಹೇಳುತ್ತದೆ: ‘ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ.’ ಇದು 31ನೇ ಕೀರ್ತನೆಯ ಮಾತು. ಲೂಕನ ಸುವಾರ್ತೆಯ ಪ್ರಕಾರ ಶಿಲುಬೆಯ ಮೇಲೆ ಯೇಸು ಆಡಿದ ಕೊನೆಯ ಮಾತೂ ಇದೇ. ಅಂದರೆ ಕೃತಿಯ ಅತಿ ಆಳದ ಜಾಗದಲ್ಲಿ ಶಿಲುಬೆ ನಿಂತಿದೆ. ಅಷ್ಟು ತಗ್ಗಿನ ಕೀಯಲ್ಲಿ ತಳದ ವಾದ್ಯ ಏನು ಮಾಡುತ್ತಿದೆ ಕೇಳಿ. ಒಂದೊಂದೇ ಮೆಟ್ಟಿಲು ಮೇಲಕ್ಕೆ ಹತ್ತುತ್ತದೆ. ಮತ್ತೆ ಶುರುಮಾಡಿ ಮತ್ತೆ ಹತ್ತುತ್ತದೆ. ಶೋಕಕ್ಕೆ ಬರೋಕ್ ಕಾಲದವರ, ಅಂದರೆ ಬಾಖ್ ಕಾಲದವರ, ರೂಢಿ ಇದರ ತದ್ವಿರುದ್ಧ: ತಳದ ಸ್ವರ ಅರ್ಧರ್ಧ ಮೆಟ್ಟಿಲು ಕೆಳಕ್ಕೆ ಜಾರಬೇಕು. ಬಾಖ್ ಆ ರೂಢಿಯನ್ನು 1714ರ ‘ಅಳು, ಗೋಳು’ ಕ್ಯಾಂಟಾಟಾದಲ್ಲಿ (ಬಿಡಬ್ಲ್ಯುವಿ 12) ಬಳಸಿದ, ಮುಂದೆ ಅದನ್ನೇ ತನ್ನ ದೊಡ್ಡ ಪೂಜಾಸಂಗೀತ ಬಿ ಮೈನರ್ ಮಾಸ್‌ನ ಶಿಲುಬೆಯ ಭಾಗಕ್ಕೂ ಹೊಂದಿಸಿಕೊಂಡ. ಇಲ್ಲಿ ಮಾತ್ರ ಏಣಿಯನ್ನು ತಿರುಗಿಸಿ ಇಟ್ಟಿದ್ದಾನೆ.

ಆಲ್ಟೊಗೆ ಬಾಸ್ ಉತ್ತರ ಕೊಡುತ್ತದೆ: ‘ಈ ಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ.’ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿಗೆ ಯೇಸು ಕೊಟ್ಟ ಮಾತು. ಪರದೈಸು ಅಂದರೆ ಸ್ವರ್ಗ. ಲೂಥರನ್ ಸಂಗೀತದಲ್ಲಿ ಯೇಸುವಿನ ಮಾತು ಸಾಮಾನ್ಯವಾಗಿ ಬಾಸ್‌ಗೇ ಹೋಗುತ್ತದೆ, ಹಾಗಾಗಿ ಯಾರು ಮಾತಾಡುತ್ತಿದ್ದಾರೆ ಅಂತ ಆಗಿನವರಿಗೆ ಹೇಳಬೇಕಾಗಿರಲಿಲ್ಲ. ತಮಾಷೆ ನೋಡಿ, ಸ್ವಲ್ಪ ಮುಂಚೆ ‘ನೀನು ಸಾಯುತ್ತೀ’ ಅಂದದ್ದೂ ಬಾಸ್ ದನಿಯೇ. ‘ಪರದೈಸು’ ಅನ್ನುವ ಪದ ಬಂದಾಗ ರಾಗ ಮೇಲಕ್ಕೆ ಚಿಮ್ಮುತ್ತದೆ.

ಬಾಸ್ ಇನ್ನೂ ಹಾಡುತ್ತಿರುವಾಗಲೇ ಆಲ್ಟೊ ಮತ್ತೆ ಬರುತ್ತದೆ, ಈ ಸಲ ಲೂಥರ್ 1524ರಲ್ಲಿ ಬರೆದ ಕೋರಾಲ್ ಹಿಡಿದು. ದೇವಾಲಯದಲ್ಲಿ ಮಗು ಯೇಸುವನ್ನು ಎತ್ತಿಕೊಂಡ ಮುದುಕ ಸಿಮೆಯೋನ ‘ಇನ್ನು ನಾನು ನೆಮ್ಮದಿಯಿಂದ ಹೋಗುತ್ತೇನೆ’ ಅಂದ ಕಥೆಯ ಹಾಡು. ಗಾಂಬಾಗಳು ಸುತ್ತ ಹೆಣೆಯುತ್ತವೆ. ಬಾಸ್ ತನ್ನ ಮಾತು ಮುಗಿಸಿ ಸುಮ್ಮನಾಗುತ್ತದೆ. ಕೊನೆಯ ಸಾಲುಗಳನ್ನು ಆಲ್ಟೊ ಮತ್ತು ಗಾಂಬಾಗಳು ಮುಗಿಸುತ್ತವೆ. ‘ಮೆತ್ತಗೆ, ಮೌನವಾಗಿ’ ಅನ್ನುವ ಪದದಲ್ಲಿ ಎಲ್ಲರೂ ದನಿ ತಗ್ಗಿಸುತ್ತಾರೆ. ಕೊನೆಯ ಮಾತು ‘ಸಾವು ನನಗೆ ನಿದ್ದೆಯಾಯಿತು’. ಅಲ್ಲಿಗೆ ಮೊದಲ ಕೊಳಲುಗಳ ನಿದ್ದೆಗೂ ಒಂದು ಅರ್ಥ ಬಂತು.

ಕೊನೆಯ ಭಾಗ ಸ್ತುತಿ, ನಾಲ್ಕೂ ದನಿ, ಎಲ್ಲ ವಾದ್ಯ, ಇ ಫ್ಲ್ಯಾಟ್‌ಗೆ ಮರಳಿದ ಕೀ. ‘ಯೇಸು ಕ್ರಿಸ್ತನ ಮೂಲಕ, ಆಮೆನ್’ ಅನ್ನುವ ಸಾಲು ಬಂದಾಗ ದನಿಗಳು ಮತ್ತೆ ಫ್ಯೂಗ್ ಕಟ್ಟುತ್ತವೆ. ಆ ಹಳೆಯ ಒಡಂಬಡಿಕೆಯ ಫ್ಯೂಗ್‌ನಲ್ಲಿ ಮೂರು ದನಿ ಇತ್ತು, ಸೊಪ್ರಾನೊ ಹೊರಗಿತ್ತು. ಈಗ ಅದೂ ಒಳಗೆ ಬಂದಿದೆ. ನಿಯಮದ ಅದೇ ರೂಪ, ಆದರೆ ಯಾರ ಮುಖದಲ್ಲೂ ಆ ಬಿಗುಪು ಇಲ್ಲ. ನಾಲ್ವರೂ ಓಡಿ ಬಂದು ಜೋರಾಗಿ ಆಮೆನ್ ಅನ್ನುತ್ತಾರೆ. ಇಷ್ಟಕ್ಕೆ ನಿಲ್ಲಿಸಿದ್ದರೆ ಚಪ್ಪಾಳೆ ಗ್ಯಾರಂಟಿ. ಬಾಖ್ ನಿಲ್ಲಿಸುವುದಿಲ್ಲ. ಗಾಯಕರು ಮುಗಿಸಿದ ಮೇಲೆ ವಾದ್ಯಗಳು ಅದೇ ಆಮೆನ್ ಅನ್ನು ಇನ್ನೊಮ್ಮೆ ಹೇಳುತ್ತವೆ, ಮೆಲ್ಲಗೆ, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಅನ್ನುವ ಹಾಗೆ.